ಅನುದಾನ ಇಲ್ಲವೇ? ಗೋಮಾಳ, ಕಾಲುದಾರಿ ಉಳಿಸಿಕೊಳ್ಳುವುದು ಹೀಗೆ

ಗೋಮಾಳಕ್ಕೆ ಬೇಲಿ ಹಾಕಿಸಿ, ಕೆರೆಗೆ ಹೋಗುವ ದಾರಿ ಬಿಡಿಸಿಕೊಡಿ ಎಂದು ಪಂಚಾಯಿತಿ ಮೆಟ್ಟಿಲೇರಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅನುದಾನ ಇಲ್ಲ’. ಇದು ಪೂರ್ತಿ ನೆಪವೂ ಅಲ್ಲ. ಕಂದಕ ತೋಡುವುದು, ಗಿಡ ನೆಡುವುದು, ಹೊಲದ ದಾರಿಗೆ ಮಣ್ಣು ಹಾಕುವುದು ಮುಂತಾದ ಕೆಲಸಕ್ಕೆ ಪಂಚಾಯಿತಿಗಳು ನೆಚ್ಚಿಕೊಂಡಿದ್ದು ಉದ್ಯೋಗ ಖಾತರಿಯ ಹಣವನ್ನು. ಅದರಲ್ಲಿ ಕೂಲಿಯ ಭಾರವನ್ನೆಲ್ಲ ಕೇಂದ್ರವೇ ಹೊರುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯ ಪ್ರಕಾರ ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇ 40ರಷ್ಟನ್ನು ತಾವೇ ಹಾಕಬೇಕು. ಆ ಪಾಲು ಎಲ್ಲಿಂದ ಬರಬೇಕೆಂಬ ಜಗ್ಗಾಟ ಮುಗಿಯುವಷ್ಟರಲ್ಲಿ ನಿಮ್ಮೂರ ಗೋಮಾಳದ ಅಂಚಿನಲ್ಲಿ ಇನ್ನೆರಡು ಸಾಲು ಉಳುಮೆ ಬಿದ್ದಿರುತ್ತದೆ.

ಆದರೆ ಬೇಲಿಯೇ ಎಲ್ಲವೂ ಅಲ್ಲ. ತಂತಿ ಬೇಲಿಯನ್ನು ರಾತ್ರೋರಾತ್ರಿ ಕಿತ್ತು ಗುಜರಿಗೆ ಹಾಕಬಹುದು. ಅಳತೆಯಾಗಿ, ಸಭೆಯ ನಡಾವಳಿಯಲ್ಲಿ ದಾಖಲಾಗಿ, ಜನ ದಿನವೂ ಓಡಾಡುವ ನೆಲವನ್ನು ನುಂಗುವುದು ಅಷ್ಟು ಸುಲಭವಲ್ಲ. ಇದಕ್ಕೆ ಬೇಕಾಗುವ ಖರ್ಚು ಬಹುಪಾಲು ಜೆರಾಕ್ಸ್ ಅಂಗಡಿಯಲ್ಲೇ ಮುಗಿಯುತ್ತದೆ.

ಮೊದಲು ನಕಾಶೆ ಹಿಡಿಯಿರಿ

ಗ್ರಾಮ ನಕಾಶೆ ಭೂಮಾಪನ ಇಲಾಖೆಯ ಜಾಲತಾಣದಲ್ಲಿ ‘ಕಂದಾಯ ನಕ್ಷೆಗಳು’ ಎಂಬಲ್ಲಿ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲಿ ನೋಡಿ ಬಿಡಬೇಡಿ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿಕೊಳ್ಳಿ. ಕೆರೆ, ಹಳ್ಳ, ಗುಂಡುತೋಪು, ಸ್ಮಶಾನ, ಗೋಮಾಳ ಎಲ್ಲವೂ ಸರ್ವೆ ನಂಬರಿನೊಡನೆ ಅಲ್ಲಿರುತ್ತವೆ. ಬಂಡಿದಾರಿಗೆ ಜೋಡಿ ಗೆರೆ, ಕಾಲುದಾರಿಗೆ ಒಂಟಿ ತುಂಡುಗೆರೆ ಇರುವುದು ವಾಡಿಕೆ; ಅಂಚಿನಲ್ಲಿ ಚಿಹ್ನೆಗಳ ವಿವರ ಇದ್ದರೆ ಅದನ್ನೇ ನಂಬಿ. ಪ್ರಮಾಣವನ್ನೂ ನೋಡಿಕೊಳ್ಳಿ. 1:7920 ಎಂದಿದ್ದರೆ ಹಾಳೆಯ ಒಂದು ಇಂಚು ನೆಲದ ಮೇಲೆ 660 ಅಡಿ, ಅಂದರೆ 33 ಅಡಿಯ ಸರ್ವೆ ಸರಪಳಿಯ ಲೆಕ್ಕದಲ್ಲಿ 20 ಸರಪಳಿ. ಮೂಲ ಅಳತೆಯಲ್ಲೇ ಮುದ್ರಿಸಿದ್ದರೆ ಮಾತ್ರ ಈ ಲೆಕ್ಕ ಹೊಂದುತ್ತದೆ. ಆಗ ಸ್ಕೇಲ್ ಇಟ್ಟು ನೋಡಿದರೆ ಕೆರೆ ಏರಿಯಿಂದ ದಾರಿ ಎಷ್ಟು ದೂರಕ್ಕೆ ತಿರುಗಬೇಕಿತ್ತು, ಈಗ ಎಲ್ಲಿ ತಿರುಗುತ್ತಿದೆ ಎಂಬುದು ಕುಳಿತಲ್ಲೇ ಗೊತ್ತಾಗುತ್ತದೆ.

ಆಮೇಲೆ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಆ ಜಾಗಕ್ಕೆ ಹೋಗಿ ನಿಲ್ಲಿ. ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಅನುಮಾನ ಹುಟ್ಟಿಸಲು ಇಷ್ಟು ಸಾಕು, ಸಾಬೀತು ಮಾಡಲು ಸಾಲದು. ಕೆಲವು ಮೀಟರ್ ಆಚೀಚೆ ಆಗುವ ಈ ಗೆರೆಯನ್ನು ಹಿಡಿದು ಪಕ್ಕದ ಹೊಲದವರ ಮೇಲೆ ಜಗಳಕ್ಕೆ ಹೋಗಬೇಡಿ.

ಪಹಣಿಯ ಮೂರನೇ ಕಾಲಂ

ಪಹಣಿ ಎಂದರೆ ಎಲ್ಲರ ಕಣ್ಣೂ ಒಂಬತ್ತನೇ ಕಾಲಮಿನ ಹೆಸರಿನ ಮೇಲೆ. ದಾರಿ ಹುಡುಕುವವರಿಗೆ ಬೇಕಾದದ್ದು ಮೂರನೆಯದು. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂದು ಎರಡು ಲೆಕ್ಕಗಳಿರುತ್ತವೆ. ‘ಅ’ ಎಂದರೆ ಸಾಗುವಳಿಗೆ ಬಾರದ ನೆಲ, ಹಿಡುವಳಿದಾರನ ಜಮೀನಿನದೇ ಭಾಗ. ‘ಬ’ ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದು ಖಾಸಗಿ ಸರ್ವೆ ನಂಬರಿನ ಹೊಟ್ಟೆಯೊಳಗೇ ಇದ್ದರೂ ಸರ್ಕಾರದ ಸ್ವತ್ತು. ಪಹಣಿಯಲ್ಲಿ ‘ಬ’ ಖರಾಬು ನಾಲ್ಕು ಗುಂಟೆ ಎಂದಿದ್ದು, ಹೊಲದಲ್ಲಿ ಗೇಣಗಲದ ಬದು ಮಾತ್ರ ಉಳಿದಿದ್ದರೆ ನಿಮ್ಮ ಅರ್ಜಿಯ ಅರ್ಧ ಸಿದ್ಧವಾದಂತೆಯೇ. ಪ್ರತಿ ಸರ್ವೆ ನಂಬರಿನ ಮೂಲ ವಿಸ್ತೀರ್ಣ ದಾಖಲಾಗಿರುವ ಆಕಾರ್ ಬಂದ್ ಪ್ರತಿಯನ್ನೂ ಸರ್ವೆ ಕಚೇರಿಯಿಂದ ತೆಗೆದುಕೊಳ್ಳಿ. ಪಹಣಿಯ ಹಿಸ್ಸೆಗಳನ್ನೆಲ್ಲ ಕೂಡಿದಾಗ ಆಕಾರ್ ಬಂದ್‌ನ ವಿಸ್ತೀರ್ಣಕ್ಕಿಂತ ಹೆಚ್ಚಾದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಗೋಮಾಳದಲ್ಲಿ ಯಾರಿಗೆ ಎಷ್ಟು ಮಂಜೂರಾಗಿದೆ ಎಂಬುದು ತಿಳಿಯದಿದ್ದರೆ ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಊರಿನ ಪುರಾಣವನ್ನೆಲ್ಲ ಬರೆದು ತಿರಸ್ಕರಿಸಲು ಅವರಿಗೆ ಕಾರಣ ಕೊಡಬೇಡಿ. ಸರ್ವೆ ನಂಬರ್ ನಮೂದಿಸಿ, ಮಂಜೂರಾತಿ ಆದೇಶಗಳ ಪ್ರತಿ ಕೇಳಿ, ಅಷ್ಟೇ.

ದನಗಳನ್ನು ಎಣಿಸಿ

ಹೆಚ್ಚಿನ ಊರುಗಳು ಮರೆಯುವ ಹೆಜ್ಜೆ ಇದು. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಚಿತ ಹುಲ್ಲುಗಾವಲು ಇರಬೇಕು. ಅದಕ್ಕಿಂತ ಹೆಚ್ಚಿರುವುದು ‘ಹೆಚ್ಚುವರಿ ಗೋಮಾಳ’. ಮಂಜೂರಾತಿಗೆ, ನಿವೇಶನಕ್ಕೆ, ಇನ್ಯಾವುದೋ ಸಂಸ್ಥೆಗೆ ಕೊಡುವ ಮಾತು ಶುರುವಾಗುವುದು ಅಲ್ಲಿಂದ. ಕಾಗದದಲ್ಲಿ ದನ ಕಡಿಮೆಯಾದಷ್ಟೂ ಗೋಮಾಳ ‘ಹೆಚ್ಚು’ತ್ತದೆ! ಆದ್ದರಿಂದ ಪಶು ಆಸ್ಪತ್ರೆಯಲ್ಲಿರುವ ನಿಮ್ಮ ಗ್ರಾಮದ ಜಾನುವಾರು ಪಟ್ಟಿಯನ್ನು ಕೇಳಿ ಪಡೆಯಿರಿ. ಮನೆ ಮನೆಗೆ ಹೋಗಿ ನೀವೇ ಎಣಿಸಿ ತಾಳೆ ನೋಡಿ, ವ್ಯತ್ಯಾಸವಿದ್ದರೆ ಪಶುವೈದ್ಯಾಧಿಕಾರಿಗೆ ಬರೆದುಕೊಡಿ. 200 ದನಗಳಿರುವ ಊರಿನಲ್ಲಿ 60 ಎಕರೆಗಿಂತ ಕಡಿಮೆ ಗೋಮಾಳ ಉಳಿದಿದ್ದರೆ ‘ಇಲ್ಲಿ ಹೆಚ್ಚುವರಿ ಏನೂ ಇಲ್ಲ’ ಎಂದು ಒಂದೇ ಸಾಲಿನಲ್ಲಿ ಹೇಳಬಹುದು.

ಸಭೆಯಲ್ಲಿ ಹೇಳಿದರೆ ಸಾಲದು, ಬರೆಸಿ

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಎದ್ದು ನಿಂತು ಗಂಟಲು ಹರಿದುಕೊಂಡವರ ಮಾತು ಪೆಂಡಾಲಿನ ಜೊತೆ ಮಡಚಿ ಹೋಗುತ್ತದೆ. ನಡಾವಳಿ ಪುಸ್ತಕದಲ್ಲಿ ಬಿದ್ದ ಎರಡು ಸಾಲು ಉಳಿಯುತ್ತದೆ. ಸರ್ವೆ ನಂಬರ್, ವಿಸ್ತೀರ್ಣ, ಚಕ್‌ಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಸಮೇತ ನಿರ್ಣಯದ ಕರಡನ್ನು ಮೊದಲೇ ಬರೆದುಕೊಂಡು ಹೋಗಿ. ‘ಸದರಿ ಜಮೀನು ಮತ್ತು ದಾರಿಯನ್ನು ಅಳತೆ ಮಾಡಿಸಿ ಹದ್ದುಬಸ್ತು ಮಾಡಿಸಲು ತಹಶೀಲ್ದಾರರನ್ನು ಕೋರಲು ತೀರ್ಮಾನಿಸಲಾಯಿತು’ ಎಂಬ ವಾಕ್ಯ ಅದರಲ್ಲಿರಲಿ; ಹದ್ದುಬಸ್ತು ಎಂದರೆ ಗಡಿ ಗುರುತಿಸಿ ಕಲ್ಲು ನೆಡುವುದು. ವಾರದೊಳಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ದೃಢೀಕೃತ ನಕಲು ಪಡೆಯಿರಿ.

ಈ ನಕಲಿನೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ನಮೂದಿಸಬೇಕಾದ ಕಲಮುಗಳು ಹೆಚ್ಚೇನಿಲ್ಲ. ಭೂಕಂದಾಯ ಕಾಯ್ದೆ, 1964ರ 67ನೇ ಕಲಮು ಸಾರ್ವಜನಿಕ ರಸ್ತೆ, ದಾರಿಗಳನ್ನು ಸರ್ಕಾರದ ಸ್ವತ್ತು ಎನ್ನುತ್ತದೆ, 71ನೆಯದು ಗೋಮಾಳದಂಥ ಉದ್ದೇಶಕ್ಕೆ ಕಾಯ್ದಿರಿಸಿದ ನೆಲದ ಬಗ್ಗೆ, 104ನೆಯದು ತೆರವಿಗೆ, 192ಎ ಪ್ರಕಾರ ಸರ್ಕಾರಿ ಜಮೀನಿನ ಒತ್ತುವರಿಗೆ ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಕೊಟ್ಟ ತೀರ್ಪನ್ನೂ ಉಲ್ಲೇಖಿಸಿ. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿದ ತೀರ್ಪು ಅದು.

ನಕಾಶೆಯಲ್ಲಿ ಇಲ್ಲದೆ ಬರೀ ರೂಢಿಯಲ್ಲಿರುವ ದಾರಿಯ ಕಥೆ ಬೇರೆ. ಖಾಸಗಿ ಜಮೀನಿನಲ್ಲಿ 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದವರಿಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯಲ್ಲಿ ಆಸರೆಯಿದೆ, ಆದರೆ ಅದು ಸಿವಿಲ್ ನ್ಯಾಯಾಲಯದ ದೂರದ ಹಾದಿ. ದಾರಿಗಾಗಿ ಹೊಡೆದಾಟವಾಗುವ ಸಂಭವವಿದ್ದರೆ ತಹಶೀಲ್ದಾರರು ದಂಡಾಧಿಕಾರಿಯಾಗಿ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಡಿ ಮಧ್ಯೆ ಬರಬಹುದು. ಇವೆರಡಕ್ಕೂ ಮೊದಲು ಆ ಹೊಲದವರ ಜಗುಲಿಯಲ್ಲಿ ಕುಳಿತು ಒಂದು ಮಾತು ಆಡಿ ನೋಡುವುದು ಲೇಸು.

ಇನ್ನೊಂದು ಎಚ್ಚರಿಕೆ. ಗೋಮಾಳದಲ್ಲಿ ಒಂದೆರಡು ಎಕರೆ ರಾಗಿ ಬೆಳೆದುಕೊಂಡು, ಸಾಗುವಳಿ ಸಕ್ರಮಕ್ಕೆ ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ಬಡ ಕುಟುಂಬವನ್ನೂ, ಇಪ್ಪತ್ತು ಎಕರೆಗೆ ಕಾಂಪೌಂಡ್ ಕಟ್ಟಿದ ಧಣಿಯನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಡಿ. ತೆರವಿನ ಜೆಸಿಬಿ ಮೊದಲು ಹೋಗುವುದು ದುರ್ಬಲರ ಕಡೆಗೇ. ದೊಡ್ಡದರಿಂದ ಆರಂಭಿಸಿ ಎಂದು ನಿರ್ಣಯದಲ್ಲೇ ಬರೆಸಿದರೆ ಊರೂ ಒಡೆಯುವುದಿಲ್ಲ.

ಅಳತೆಯ ದಿನ

ಭೂಮಾಪಕರು ಬರುವ ಹೊತ್ತಿಗೆ ಹಳೆಯ ಬಾಂದು ಕಲ್ಲುಗಳನ್ನು ಪೊದೆ ಸವರಿ ಹುಡುಕಿಡಿ. ಹಿರಿಯರನ್ನು ಕರೆತನ್ನಿ; ಮೂರು ಊರಿನ ಗಡಿ ಸೇರುವ ಕಲ್ಲು ಎಲ್ಲಿತ್ತೆಂದು ಬಲ್ಲವರು ಅವರೇ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದೆಯೇ ನೋಡಿ, ಇಲ್ಲದಿದ್ದರೆ ನಾಳೆ ಇಡೀ ಅಳತೆಯೇ ಬಿದ್ದುಹೋಗುತ್ತದೆ. ಕಲ್ಲು ನೆಟ್ಟ ಕೂಡಲೇ ಮಹಜರಿಗೆ ಸಹಿ ಹಾಕಿಸಿ, ಪ್ರತಿ ಕಲ್ಲಿನ ಬಳಿ ಜಿಪಿಎಸ್ ನಮೂದಾಗುವಂತೆ ಫೋಟೊ ತೆಗೆಯಿರಿ. ಕಲ್ಲಿಗೆ ಸುಣ್ಣ ಬಳಿಯಲು ಯಾವ ಅನುದಾನವೂ ಬೇಡ.

ಇನ್ನು ನೆಲದ ಕೆಲಸ

ಗಡಿಗುಂಟ ಕತ್ತಾಳೆ, ಲಕ್ಕಿ, ತಂಗಡಿ ಹಾಕಿ. ಆಡುಗಳು ಸುಲಭವಾಗಿ ಬಾಯಿ ಹಾಕುವ ಗಿಡಗಳಲ್ಲ ಇವು. ಅರಣ್ಯೀಕರಣದ ಹೆಸರಿನಲ್ಲಿ ಹುಲ್ಲುಗಾವಲಿಗೆ ನೀಲಗಿರಿ, ಅಕೇಶಿಯಾ ತುಂಬಲು ಬಂದರೆ ಬೇಡವೆನ್ನಿ. ಲಂಟಾನವನ್ನು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿದ್ದಾಗ, ಕಾಯಿ ಕಟ್ಟುವ ಮೊದಲೇ ಬುಡಸಮೇತ ಕಿತ್ತು ತಲೆಕೆಳಗಾಗಿ ಒಟ್ಟಬೇಕು.

ದಾರಿಯನ್ನು ಕೆಡಿಸುವುದು ಕಾಲಿಗಿಂತ ಹೆಚ್ಚಾಗಿ ನೀರು. ಇಳಿಜಾರಿನಲ್ಲಿ ಮಳೆನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಕೊರೆಯುತ್ತದೆ. ಜನ ಪಕ್ಕದ ಹೊಲಕ್ಕೆ ಸರಿದು ನಡೆಯುತ್ತಾರೆ, ಹೊಲದವರು ಮುಳ್ಳು ಹಾಕುತ್ತಾರೆ, ಜಗಳ ಶುರು. ಇಳಿಜಾರು ಇರುವಲ್ಲಿ ಅಲ್ಲಲ್ಲಿ ದಾರಿಗೆ ಅಡ್ಡಲಾಗಿ, ಆದರೆ ಓರೆಯಾಗಿ, ದಪ್ಪ ಕಲ್ಲುಗಳ ಸಾಲೊಂದನ್ನು ಹೂಳಿ. ಮೂರನೇ ಒಂದು ಭಾಗ ಮಾತ್ರ ಮೇಲೆ ಕಾಣುವಂತಿರಲಿ, ಕೆಳತುದಿ ಹೊಲದ ಬೆಳೆಯ ಕಡೆಗಲ್ಲದೆ ಹಳ್ಳ ಅಥವಾ ಬದುವಿನ ಕಡೆಗೆ ತೆರೆದುಕೊಳ್ಳಲಿ. ನಾಲ್ಕೈದು ಜನ, ಎರಡು ಹಾರೆ, ಒಂದು ಬೆಳಗಿನ ಹೊತ್ತು ಸಾಕು.

ಕಡತದ ಒಂದು ಪ್ರತಿ ಪಂಚಾಯಿತಿಯಲ್ಲಿರಲಿ, ಇನ್ನೊಂದು ಸ್ವಸಹಾಯ ಸಂಘದ ಕಪಾಟಿನಲ್ಲಿ. ಯಾವ ಕಾರಣಕ್ಕೂ ಒಬ್ಬರ ಮನೆಯಲ್ಲಿ ಬೇಡ. ಮುಂಗಾರಿನ ಮೊದಲ ಉಳುಮೆಗೆ ಮುಂಚೆ ಊರವರು ಗಡಿಗುಂಟ ನಡೆದು ಕಲ್ಲುಗಳನ್ನು ಎಣಿಸಿ ಬರಲಿ. ಒಂದು ಕಲ್ಲು ಕಾಣೆಯಾಗಿದ್ದರೂ ಅಂದೇ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ. ಬಿತ್ತನೆಯಾದ ಮೇಲೆ ಹೇಳಿದರೆ ‘ಪೈರು ಕುಯ್ಯುವವರೆಗೆ ತಾಳಿ’ ಎನ್ನುತ್ತಾರೆ.