ಅಡಿಕೆ ಅಂಗಳದಲ್ಲಿ ಕ್ಯಾಂಬರ್: ಇಳಿಸಿದ ಸ್ವಿಫ್ಟ್ ಜೊತೆ ನನ್ನ ಅನುಭವ

ಇಳಿಸಿದ ಕಾರಿನ ಚಕ್ರಗಳ ಕೋನವನ್ನು ಮನೆ ಅಂಗಳದಲ್ಲಿ ನಾನೇ ಸರಿಮಾಡಿ ಹನ್ನೊಂದು ಸಾವಿರ ಕಿಲೋಮೀಟರ್ ಆಯಿತು. ಮುಂದಿನ ಎರಡು ಟಯರಿನ ಒಳ ಅಂಚೂ ಹೊರ ಅಂಚೂ ಒಂದೇ ಹಾಗೆ ಸವೆದಿವೆ. ಮೊನ್ನೆ ಅಳೆದಾಗ ಎಲ್ಲ ಕಡೆ ಟಯರಿನ ಚಡಿಯ ಆಳ 5 ಮಿ.ಮೀ. ಆಸುಪಾಸು. ಬರೆಯದೆ ಇಷ್ಟು ದಿನ ಕಾದದ್ದು ಇದಕ್ಕೇ. "ಒಂದು ಮಳೆಗಾಲ ಕಳೆಯಲಿ, ಆಮೇಲೆ ಮಾತಾಡು" ಅಂದವರು ತುಂಬಾ ಜನ. ಮಳೆಗಾಲವೂ ಕಳೆಯಿತು.

ಕಾರು 2014ರ ಸ್ವಿಫ್ಟ್ ಡೀಸೆಲ್, 15 ಇಂಚಿನ ರಿಮ್. ಸ್ಪ್ರಿಂಗ್ ಬದಲಿಸಿ ಕಾರಿನ ಎತ್ತರವನ್ನು ಮುಂದೆ ಸುಮಾರು 40, ಹಿಂದೆ 35 ಮಿ.ಮೀ. ಇಳಿಸಿದ್ದೇನೆ. ಓಡಾಟ ಹೆಚ್ಚಾಗಿ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ, ವಾರಕ್ಕೊಮ್ಮೆ ಮಂಗಳೂರು. "ಈ ರಸ್ತೆಗೆ ಕಾರು ಇಳಿಸುವುದು ಎಂತಕ್ಕೆ ಭಾವಾ?" ಅಂತ ನೆಂಟರೆಲ್ಲ ಕೇಳಿದ್ದಾರೆ. ತಿರುವಿನಲ್ಲಿ ಅದು ಹೇಗೆ ಕಚ್ಚಿಕೊಂಡು ಹೋಗುತ್ತದೆ ಅನ್ನುವುದು ಓಡಿಸಿದವರಿಗೆ ಗೊತ್ತು, ಅಷ್ಟೇ ನನ್ನ ಉತ್ತರ.

ಸ್ಪ್ರಿಂಗಿಗೆ ಹದಿನಾಲ್ಕು ಸಾವಿರದ ಹತ್ತಿರ ಕೊಟ್ಟೆ. ಅದು ಗೊತ್ತಿದ್ದ ಖರ್ಚು. ಗೊತ್ತಿಲ್ಲದ ಖರ್ಚು ಆಮೇಲೆ ಶುರುವಾಯಿತು. ನಾಲ್ಕೂವರೆ ಸಾವಿರ ಕಿಲೋಮೀಟರಿಗೆ ಮುಂದಿನ ಟಯರುಗಳ ಒಳ ಅಂಚು ನುಣ್ಣಗಾಗಿ ತಂತಿ ಕಾಣತೊಡಗಿತು. ಹೊರಗಿನಿಂದ ನೋಡಿದರೆ ಹೊಸ ಟಯರು! ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ ಕೈ ಹಾಕಿದಾಗಲೇ ಗೊತ್ತಾದದ್ದು. ಎರಡು ಟಯರಿಗೆ ಒಂಬತ್ತೂವರೆ ಸಾವಿರ ಹೋಯಿತು.

ಅಲೈನ್‌ಮೆಂಟಿಗೆ ಒಂದು ಅಂಗಡಿಗೆ ಮೂರು ಸಲ ಹೋದೆ. ಪರದೆಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಹಸಿರು, ಅಂದರೆ ಸರಿ, ಮಾಡಿ ಕೊಡುತ್ತಿದ್ದರು, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕೆಂಪಾಗಿಯೇ ಉಳಿಯುತ್ತಿತ್ತು. ಎಡ ಮೈನಸ್ 2, ಬಲ ಮೈನಸ್ 1.7 ಡಿಗ್ರಿ ಅಂತ ನೆನಪು. ಮೈನಸ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ ಅಂತ. "ಈ ಕಾರಿನಲ್ಲಿ ಕ್ಯಾಂಬರ್ ಎಡ್ಜಸ್ಟ್ ಮಾಡಲು ಬರುವುದಿಲ್ಲ, ಹಳೇ ಸ್ಪ್ರಿಂಗ್ ಹಾಕಿ" ಅಂದರು. ಇನ್ನೊಂದು ಕಡೆ ಹೈಡ್ರಾಲಿಕ್ ಟೂಲ್ ಹಾಕಿ ಸ್ಟ್ರಟ್ಟನ್ನೇ (ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬ) ಬಗ್ಗಿಸಿದರು. ಲೆಕ್ಕ ಸರಿಬಂತು. ಎರಡು ತಿಂಗಳಲ್ಲಿ ಎಡದ ಸ್ಟ್ರಟ್ಟಿನಿಂದ ಎಣ್ಣೆ ಇಳಿಯಿತು. ಹೊಸದಕ್ಕೆ ಮತ್ತೆ ನಾಲ್ಕು ಸಾವಿರ ಚಿಲ್ಲರೆ. ಈ ಬಗ್ಗಿಸುವ ಕೆಲಸಕ್ಕೆ ಮಾತ್ರ ಯಾರೂ ಒಪ್ಪಬೇಡಿ.

ಆಮೇಲೆ ನಾನೇ ಮಾಡುವುದು ಅಂತ ತೀರ್ಮಾನಿಸಿದೆ. ಜಾಗ ಬೇಕಲ್ವಾ? ಮನೆ ಎದುರಿನ ಅಡಿಕೆ ಒಣಗಿಸುವ ಸಿಮೆಂಟು ಅಂಗಳ ಇತ್ತು. ಡಿಸೆಂಬರಿನಿಂದ ಅಲ್ಲಿ ಅಡಿಕೆ ಹರಗುತ್ತಾರೆ, ಮಳೆಗಾಲದಲ್ಲಿ ಪಾಚಿ. ಹಾಗಾಗಿ ನವೆಂಬರಿನಲ್ಲಿ ಅಪ್ಪನ ಹತ್ತಿರ ನಾಲ್ಕು ದಿನ ಕೇಳಿ ತೆಗೆದುಕೊಂಡೆ.

ಮೊದಲ ದಿನದ ಕೆಲಸ ಪೂರ್ತಿ ಹಾಳು. ಕಾರಿನ ಎರಡೂ ಬದಿಗೆ ಉದ್ದಕ್ಕೆ ನೂಲು ಕಟ್ಟಿ, ಅದರಿಂದ ಚಕ್ರಕ್ಕೆ ಅಳೆದು, ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ತಿರುಗಿಸಿ, ರಸ್ತೆಗೆ ತಂದರೆ ಕಾರು ಎಡಕ್ಕೆ ಎಳೆಯುತ್ತದೆ, ಸ್ಟಿಯರಿಂಗ್ ಬೇರೆ ಸೊಟ್ಟ. ರಾತ್ರಿ ಕೂತು ಯೋಚಿಸಿದಾಗ ಹೊಳೆಯಿತು. ಮಳೆನೀರು ಹರಿದುಹೋಗಲಿ ಅಂತ ಮೇಸ್ತ್ರಿ ಅಂಗಳಕ್ಕೆ ಇಳಿಜಾರು ಕೊಟ್ಟೇ ಇರುತ್ತಾರೆ. ಬೆಳಿಗ್ಗೆ ಮಟ್ಟ ನೋಡುವ ನೀರಿನ ಟ್ಯೂಬು ಹಿಡಿದು ನೋಡಿದರೆ ಎಡ ಬಲ ಚಕ್ರಗಳ ನಡುವೆ 12 ಮಿ.ಮೀ. ವ್ಯತ್ಯಾಸ. ಕ್ಯಾಂಬರಿನಲ್ಲಿ ಅದು ಹತ್ತಿರ ಹತ್ತಿರ ಅರ್ಧ ಡಿಗ್ರಿ! ಮನೆ ಕಟ್ಟುವಾಗ ಉಳಿದ ಟೈಲ್ಸ್ ತುಂಡುಗಳನ್ನು ಚಕ್ರದ ಅಡಿಗೆ ಕೊಟ್ಟು ನಾಲ್ಕೂ ಮಟ್ಟ ಮಾಡಿದೆ. ಮುಂದಿನ ಎರಡಕ್ಕೆ ಎರಡು ಟೈಲ್ಸಿನ ನಡುವೆ ಗ್ರೀಸ್ ಹಚ್ಚಿದೆ, ಚಕ್ರ ಸುಲಭವಾಗಿ ಜಾರಿ ಕೂರಲಿ ಅಂತ. ಡ್ರೈವರ್ ಸೀಟಿನಲ್ಲಿ ಅಕ್ಕಿ ಗೋಣಿ, ನನ್ನ ತೂಕಕ್ಕೆ ಸರಿಯಾಗಿ.

ಇನ್ನು ನೂಲು ಕಟ್ಟುವ ಬಗ್ಗೆ. ಒಂದೇ ಮಾತು: ಮುಂದಿನ ಮತ್ತು ಹಿಂದಿನ ಟ್ರ್ಯಾಕ್ ಅಗಲ (ಎಡ ಬಲ ಚಕ್ರಗಳ ನಡುವಿನ ಅಂತರ) ಒಂದೇ ಅಂತ ನಂಬಬೇಡಿ. ನಾನು ಎರಡು ಪಿವಿಸಿ ಪೈಪಿಗೆ ಸಮ ಅಂತರದಲ್ಲಿ ಗೀರು ಹಾಕಿ, ಒಂದನ್ನು ಬಂಪರಿನ ಮುಂದೆ, ಒಂದನ್ನು ಹಿಂದೆ ಇಟ್ಟೆ. ಹಾಗಾಗಿ ಎರಡು ನೂಲು ಯಾವಾಗಲೂ ಸಮಾನಾಂತರ. ಮತ್ತೆ ಚಕ್ರದ ಹಬ್ಬಿನ ನಡುವಿನಿಂದ ನೂಲಿಗೆ ಅಳೆದು ಕಾರನ್ನು ಎರಡು ನೂಲಿನ ನಡುವಿಗೆ ತಂದರೆ ಆಯಿತು.

ಕ್ಯಾಂಬರಿಗೆ ಸ್ಟ್ರಟ್ಟಿನ ಎರಡು ಬೋಲ್ಟಿನಲ್ಲಿ ಮೇಲಿನದ್ದು ತೆಗೆದು ಕ್ಯಾಂಬರ್ ಬೋಲ್ಟ್ (ತಿರುಗಿಸಿದರೆ ಚಕ್ರದ ವಾಲಿಕೆ ಬದಲಾಗುವ ಬೋಲ್ಟ್) ಹಾಕಿದೆ. ಜೋಡಿಗೆ ಸಾವಿರದ ಎಂಟುನೂರೋ ಏನೋ. ಅಳೆಯಲು ತೂಗುಗುಂಡು ಸಾಕು. ನನ್ನ ರಿಮ್ಮಿನಲ್ಲಿ ಮೇಲಂಚಿಗೂ ಕೆಳಂಚಿಗೂ 7 ಮಿ.ಮೀ. ವ್ಯತ್ಯಾಸ ಬಂದರೆ ಸುಮಾರು ಒಂದು ಡಿಗ್ರಿ. ಫೋನಿನ ಆ್ಯಪ್ ಕೂಡ ನೋಡಿದೆ, ಪ್ರತಿ ಸಲ ಬೇರೆ ಬೇರೆ ಲೆಕ್ಕ ಕೊಟ್ಟಿತು, ಬಿಟ್ಟುಬಿಟ್ಟೆ.

ಬೋಲ್ಟೂ ಒಮ್ಮೆ ಕೈಕೊಟ್ಟಿತು. ಮೂರು ವಾರ ಚೆನ್ನಾಗಿತ್ತು. ಪೆರ್ಲದ ಹತ್ತಿರ ಒಂದು ದೊಡ್ಡ ಗುಂಡಿಗೆ ಬಿದ್ದಾಗ ಬಲಗಡೆ ಜಾರಿ ಮತ್ತೆ ಮೈನಸ್ 1.6. ಅಂದಿನಿಂದ ಬೋಲ್ಟಿನ ತಲೆಗೂ ಸ್ಟ್ರಟ್ಟಿಗೂ ಸೇರಿಸಿ ಬಿಳಿ ಪೇಂಟಿನ ಗೀರು ಹಾಕಿದ್ದೇನೆ, ಜಾರಿದರೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಜಾರದಂತೆ ಅದಕ್ಕೆ ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಹಿಡಿಯಲು ನನಗೆ ಎರಡು ಜೊತೆ ಬೋಲ್ಟ್ ಹೋಗಿದೆ.

ಈಗ ಮುಖ್ಯ ವಿಷಯ. ಟಯರು ತಿಂದದ್ದು ಕ್ಯಾಂಬರ್ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದ್ದೆ. ನೂಲಿನಲ್ಲಿ ಅಳೆದಾಗ ಎರಡೂ ಚಕ್ರ ಸೇರಿ 4 ಮಿ.ಮೀ. ಟೋ ಔಟ್ ಇತ್ತು, ಅಂದರೆ ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿತ್ತು. ಕಾರು ಇಳಿದಾಗ ಟೈ ರಾಡಿನ ಕೋನವೂ ಬದಲಾಗುತ್ತದೆ. ಸ್ಟ್ರಟ್ ಬಗ್ಗಿಸಿದಾಗ, ಬದಲಿಸಿದಾಗ ಇನ್ನಷ್ಟು ಬದಲಾಗಿರಬೇಕು, ಆಮೇಲೆ ಯಾರೂ ಟೋ ನೋಡಿರಲಿಲ್ಲ. ಚಕ್ರ ವಾಲಿಕೊಂಡು ಒಳ ಅಂಚಿನ ಮೇಲೆ ನಿಂತಿದೆ, ಟೋ ಅದೇ ಅಂಚನ್ನು ರಸ್ತೆಗೆ ಉಜ್ಜುತ್ತಿದೆ. ಬರೇ ಕ್ಯಾಂಬರ್ ಮಾತ್ರ ಕಾರಣವಾಗಿದ್ದರೆ ಟಯರು ಇಷ್ಟು ಬೇಗ ಹೋಗುತ್ತಿರಲಿಲ್ಲ. ಅದಕ್ಕೇ ಮೊದಲು ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಮುಟ್ಟಿದಾಗೆಲ್ಲ ಟೋ ಕದಲುತ್ತದೆ. ಟೈ ರಾಡ್ ಕಾಲು ಸುತ್ತು ತಿರುಗಿಸಿದರೆ ನನ್ನ ಕಾರಿನಲ್ಲಿ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಪ್ರತಿ ಸಲ ಕಾರನ್ನು ಹಿಂದೆ ಮುಂದೆ ಉರುಳಿಸಿಯೇ ಅಳೆಯಬೇಕು. ಜಾಕಿನಿಂದ ಇಳಿಸಿದ ಕೂಡಲೇ ಅಳೆದರೆ ಬರುವುದೆಲ್ಲ ಸುಳ್ಳು ಲೆಕ್ಕ.

ನಡುವೆ ಒಂದು ಪ್ರಯೋಗ ಮಾಡಿದೆ. ಟಯರಿನ ಅಡ್ಡಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು ನೇರ ರಸ್ತೆಯಲ್ಲಿ ಇನ್ನೂರು ಮೀಟರ್ ಓಡಿಸಿ ನೋಡುವುದು. ಗೆರೆ ಎಲ್ಲಿ ಮೊದಲು ಅಳಿಯುತ್ತದೋ ಅಲ್ಲಿ ಭಾರ ಜಾಸ್ತಿ. ಗಾಳಿ 30ರಿಂದ 33ಕ್ಕೆ ಏರಿಸಿದಾಗ ನಡುವಿನ ಗೆರೆ ಬೇಗ ಹೋಯಿತು, ಅದು ಸರಿ. ಆದರೆ ಕ್ಯಾಂಬರ್ ಅರ್ಧ ಡಿಗ್ರಿ ಬದಲಿಸಿದ್ದು ಇದರಲ್ಲಿ ಕಾಣಲೇ ಇಲ್ಲ. ಟೋ ಔಟ್ ಒಂದು ಮಿ.ಮೀ. ಇಟ್ಟೂ ಒಂದು ವಾರ ಓಡಿಸಿದೆ. ಸ್ಟಿಯರಿಂಗ್ ಚುರುಕು, ನಿಜ, ಆದರೆ ಹೆದ್ದಾರಿಯಲ್ಲಿ ಲಾರಿ ಚಕ್ರದ ಜಾಡು ಸಿಕ್ಕಿದರೆ ಕಾರು ಅದರ ಹಿಂದೆಯೇ ಹೋಗುತ್ತದೆ. ವಾಪಸ್ ತೆಗೆದೆ.

ಈಗ ಇರುವುದು: ಎಡ ಮೈನಸ್ 1, ಬಲ ಮೈನಸ್ 0.9, ಒಟ್ಟು ಟೋ ಇನ್ ಒಂದು ಮಿ.ಮೀ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರವನ್ನು ಜೋಡಿಸುವ ಒಂದೇ ತೊಲೆ) ಇರುವುದರಿಂದ ಶಿಮ್ (ನಡುವೆ ಕೊಡುವ ತೆಳು ತಗಡು) ಹಾಕದೆ ಏನೂ ಮಾಡಲು ಬರುವುದಿಲ್ಲ, ಮುಟ್ಟಲಿಲ್ಲ. ನೂಲು, ಪೈಪು, ಗ್ರೀಸ್ ಎಲ್ಲ ಸೇರಿ ನಾನೂರು ರೂಪಾಯಿ ದಾಟಿಲ್ಲ. ಅದಕ್ಕೆ ಮೊದಲು ಹಾಳಾದದ್ದು ಹದಿನೆಂಟು ಸಾವಿರ ಇರಬಹುದು.

ಕಳೆದ ತಿಂಗಳು, ಹಳೇ ಸ್ಪ್ರಿಂಗ್ ಹಾಕಿ ಅಂದಿದ್ದ ಅದೇ ಅಂಗಡಿಗೆ ಹೋಗಿ ಐನೂರು ಕೊಟ್ಟು ಬರೇ ಚೆಕ್ ಮಾಡಿಸಿದೆ. ಪರದೆಯಲ್ಲಿ ಟೋ, ಕ್ಯಾಂಬರ್ ಎರಡೂ ಹಸಿರು. "ಎಲ್ಲಿ ಮಾಡಿಸಿದ್ದು?" ಅಂತ ಕೇಳಿದರು. ಮನೆಯಲ್ಲಿ ಅಂದೆ. ಮೆಷಿನಿನ ಹುಡುಗ ಕಾರಿನ ಅಡಿಗೆ ಹೋಗಿ ಟಾರ್ಚ್ ಹಾಕಿ ಬೋಲ್ಟ್ ನೋಡಿದ, ಬಿಳಿ ಗೀರನ್ನೂ ನೋಡಿದ. "ಇನ್ನೊಂದು ಸ್ವಿಫ್ಟ್ ಬಂದಿದೆ, ಇದೇ ತೊಂದರೆ, ನಿಮ್ಮ ನಂಬರ್ ಕೊಡ್ತೀರಾ?" ಅಂದ.