ಅಪ್ಪನ ಲ್ಯಾಪ್‌ಟಾಪಲ್ಲಿ ಇಂಕ್‌ಸ್ಕೇಪ್ ಕೂರಿಸಿದ್ದು

ಲಿನಕ್ಸ್ (ವಿಂಡೋಸ್‌ನಂಥದ್ದೇ ಆಪರೇಟಿಂಗ್ ಸಿಸ್ಟಮ್) ಹಾಕಿಕೊಟ್ಟು ವಾರವಾಗಿರಲಿಲ್ಲ, ಅಪ್ಪ "ಇದರಲ್ಲಿ ಏನೂ ಇನ್‌ಸ್ಟಾಲ್ ಆಗಲ್ಲ ಕಣೋ" ಅಂದರು. ನೋಡಿದರೆ, ಅವರು ಎಲ್ಲಿಂದಲೋ ಇಳಿಸಿಕೊಂಡಿದ್ದು ಆರ್‌ಪಿಎಂ ಎಂಬ ಬಗೆಯ ಇನ್‌ಸ್ಟಾಲ್ ಫೈಲು. ಅದು ಫೆಡೊರಾ ಎಂಬ ಲಿನಕ್ಸ್ ಬಳಗದ್ದು. ನಾನು ಹಾಕಿದ್ದು ಡೆಬ್ ಫೈಲು ಕೇಳುವ ಡೆಬಿಯನ್ ಬಳಗದ್ದು. ಹೇಳಿಕೊಡದಿದ್ದದ್ದು ನನ್ನದೇ ತಪ್ಪು.

ಸಾಫ್ಟ್‌ವೇರ್ ಸ್ಟೋರಿನಲ್ಲಿ ಅಪ್ಪನಿಗೆ ಬೇಕಿದ್ದ ಇಂಕ್‌ಸ್ಕೇಪ್ (ಚಿತ್ರ ಬಿಡಿಸುವ ಆ್ಯಪ್) ಇತ್ತು, ಆದರೆ ಹಳೆಯ ಆವೃತ್ತಿ. ಹೊಸದು ಬೇಕೆಂದರೆ, ಯಾವ ಬಳಗದ ಲಿನಕ್ಸಿಗೂ ಆ್ಯಪ್ ಹಾಕಬಲ್ಲ ಫ್ಲ್ಯಾಟ್‌ಪ್ಯಾಕೇ ಸುಲಭ ಅನ್ನಿಸಿತು. ಫ್ಲ್ಯಾಟ್‌ಪ್ಯಾಕ್ ಹಾಕಿ, ಅದರ ಆ್ಯಪ್‌ಗಳು ಸಿಗುವ ಫ್ಲ್ಯಾಟ್‌ಹಬ್ ಸೇರಿಸಿದೆ. ಆದರೂ ಸ್ಟೋರಿನಲ್ಲಿ ಕಾಣಲಿಲ್ಲ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಸ್ಟೋರಿಗೇ ಬೇರೆ ಪ್ಲಗಿನ್ ಬೇಕು. ಲಿನಕ್ಸಿಗೆ ಗ್ನೋಮ್, ಕೆಡಿಇ ಎಂಬ ಬೇರೆ ಬೇರೆ ಡೆಸ್ಕ್‌ಟಾಪ್‌ಗಳಿವೆ; ಗ್ನೋಮ್‌ನ ಸ್ಟೋರಾದ ಗ್ನೋಮ್ ಸಾಫ್ಟ್‌ವೇರ್‌ಗೆ ಒಂದು, ಕೆಡಿಇಯ ಸ್ಟೋರಾದ ಡಿಸ್ಕವರ್‌ಗೆ ಇನ್ನೊಂದು. ಅದನ್ನು ಹಾಕಿ ರೀಸ್ಟಾರ್ಟ್ ಮಾಡಿದ್ದೇ ತಡ, ಎಲ್ಲ ಬಂತು. ಲಿನಕ್ಸ್ ಮಿಂಟ್ ಎಂಬ ಬಗೆಯ ಲಿನಕ್ಸಿನಲ್ಲಿ ಈ ಕೆಲಸವೇ ಇಲ್ಲ, ಫ್ಲ್ಯಾಟ್‌ಪ್ಯಾಕ್ ಮೊದಲೇ ಇರುತ್ತದೆ. ಹೊಸಬರಿಗೆ ನಾನಾದರೆ ಅದನ್ನೇ ಹೇಳುವೆ.

ಮುಗಿಯಿತು ಅಂದುಕೊಂಡರೆ, ಫ್ಲ್ಯಾಟ್‌ಪ್ಯಾಕಿನಲ್ಲಿ ಹಾಕಿದ ಇನ್ನೊಂದು ಆ್ಯಪ್‌ಗೆ ಪೆನ್‌ಡ್ರೈವ್ ಕಾಣದು. ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳು ಬೇಲಿಯೊಳಗೆ ಓಡುತ್ತವೆ, ಅನುಮತಿ ಕೊಡಬೇಕು. ಕೆಡಿಇಯಲ್ಲಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೇ ಆ ಪುಟವಿದೆ (ಅದರ ಪ್ಲಾಸ್ಮಾ ಡೆಸ್ಕ್‌ಟಾಪಿನ 5.27 ಆವೃತ್ತಿಯಿಂದ). ಅಪ್ಪನದು ಗ್ನೋಮ್, ಹಾಗಾಗಿ ಅನುಮತಿ ಬದಲಿಸುವ ಫ್ಲ್ಯಾಟ್‌ಸೀಲ್ ಆ್ಯಪ್ ಹಾಕಿ, ಪೆನ್‌ಡ್ರೈವ್ ತೆರೆಯುವ ಆ ಒಂದು ಫೋಲ್ಡರಿಗಷ್ಟೇ ದಾರಿ ಬಿಟ್ಟೆ. ಕಮಾಂಡ್ ಟೈಪಿಸುವ ಟರ್ಮಿನಲ್ ಕಿಟಕಿ ಅಪ್ಪನಿಗೆ ತೋರಿಸಲೇ ಇಲ್ಲ.