ಉಂಡ ಮೇಲೆ ನಡೆದೇ ಶುಗರ್ ಇಳಿಸಿದೆ

ಕಲಬುರಗಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋನು ನಾನು. ಗಾದಿ ಮೇಲೆ ಕುಂತರೆ ಏಳೋದು ಸಂಜೆಗೇ. ಶುಗರ್ ಬಂದು ಎಂಟೊಂಬತ್ತು ವರ್ಷ ಆಗಿರಬೇಕು. ಬೆಳಗಿನ ವಾಕಿಂಗ್ ಬಗ್ಗೆ ನನಗೆ ಯಾರೂ ಹೇಳಬೇಕಾಗಿಲ್ಲ. ಪಬ್ಲಿಕ್ ಗಾರ್ಡನ್, ಅಪ್ಪನ ಕೆರೆ ದಂಡೆ ಎರಡೂ ತಿರುಗಿ ಚಪ್ಪಲಿ ಸವೆಸಿದವನು. ಆದರೂ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 9ರ ಕೆಳಗೆ ಇಳಿಯಲೇ ಒಲ್ಲದು.

ದುಡ್ಡೂ ಸುರಿದೆ. ಒಂದು ಜಿಮ್‌ನವರು ವರ್ಷದ ಫೀ ಹತ್ತು ಸಾವಿರ ಚಿಲ್ಲರೆ ಒಮ್ಮೆಲೇ ಕಟ್ಟಿಸಿಕೊಂಡು ದೀಪಾವಳಿ ಹೊತ್ತಿಗೆ ಶಟರ್ ಎಳೆದರು. ಆಮೇಲೆ 18 ಸಾವಿರಕ್ಕೆ ಹಳೇ ಟ್ರೆಡ್‌ಮಿಲ್ ತಂದೆ. ಮೇ ತಿಂಗಳ 42-43 ಡಿಗ್ರಿಯಲ್ಲಿ ಕರೆಂಟ್ ಹೋದರೆ ಅದೂ ನಿಂತಿತು, ನಾನೂ ನಿಂತೆ. ಏಳು ಸಾವಿರಕ್ಕೆ ಕೊಟ್ಟು ಕೈ ತೊಳಕೊಂಡೆ.

ಕಡೆಗೆ ಮಾಡಿದ್ದು ಇಷ್ಟೇ: ಬೆಳಗಿನ ಒಂದು ತಾಸನ್ನು ಮೂರು ತುಂಡು ಮಾಡಿದೆ. ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿ ಊಟ, ಪ್ರತಿಯೊಂದರ ಬೆನ್ನಿಗೇ ಹದಿನೈದು-ಇಪ್ಪತ್ತು ನಿಮಿಷ. “ಉಂಡ ಮ್ಯಾಲ ನಡದ್ರ ಹೊಟ್ಟಿ ಹಿಡಕೋತದ್ರೀ ಮುನೀಮ್‌ಸಾಬ್ರ” ಅಂತ ಹಮಾಲರು ನಕ್ಕರು. ಮನೆಯಾಕೆಯಂತೂ “ಜರಾ ಅಡ್ಡ ಆಗೂದು ಬಿಟ್ಟು ಇದೇನ್ ಹುಚ್ಚರೀ?” ಅಂದಳು. ಮಧ್ಯಾಹ್ನ ಬಿಸಿಲಿಗೆ ಹೊರಗೆ ಕಾಲಿಡೋ ಹಂಗಿಲ್ಲ, ಗೋದಾಮೇ ಗತಿ. ತೊಗರಿ ಚೀಲದ ಥಪ್ಪಿಗಳ ನಡುವೆ ನಲವತ್ತು ಹೆಜ್ಜೆಯಷ್ಟು ಓಣಿ. ಹೋಗು, ತಿರುಗು, ಬಾ. ಧೂಳಿಗೆ ಬಾಯಿಗೆ ಟವೆಲ್ ಕಟ್ಟಿಕೊಳ್ಳಬೇಕು. ಡಿಸೆಂಬರ್-ಜನವರಿಯಲ್ಲಿ ಮಾಲು ಬಂದು ಓಣಿ ಮುಚ್ಚಿದರೆ ಹೊರಗಿನ ಕಟ್ಟೆ.

ನಂಬಲಾರದವರಿಗೆ ತೋರಿಸೋಕೆ ಮನೆಯಲ್ಲೇ ಶುಗರ್ ನೋಡೋ ಸ್ಟ್ರಿಪ್ ಖರ್ಚು ಮಾಡಿದೆ, ಒಂದಕ್ಕೆ ಇಪ್ಪತ್ತು-ಇಪ್ಪತ್ತೈದು ರೂಪಾಯಿ. ಅದೇ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಬಟ್ಟಲು ಅನ್ನ-ಬೇಳೆ. ಉಂಡು ಕುಂತ ದಿನ ಎರಡು ತಾಸಿಗೆ 220-230. ನಡೆದ ದಿನ 170-180. ಹಲವು ಸಲ ನೋಡಿದೆ, ಅಂತರ ಹೆಚ್ಚುಕಡಿಮೆ ಅಷ್ಟೇ. ಅನ್ನ ಬಿಟ್ಟು ಬರೀ ರೊಟ್ಟಿ ಉಂಡ ದಿನ ಅಂತರ ಸಣ್ಣದು, ಅದು ನನಗೂ ಹೊಸದು. ದುಡಿಯೋ ತೊಡೆ ಇನ್ಸುಲಿನ್‌ಗೆ ಅಷ್ಟಾಗಿ ಕಾಯದೆ ರಕ್ತದ ಸಕ್ಕರೆ ಎಳಕೊಳ್ತದೆ, ಅದಕ್ಕೇ ಸಕ್ಕರೆ ಏರೋ ಹೊತ್ತಿಗೇ ತೊಡೆಗೆ ಕೆಲಸ ಕೊಡಬೇಕು.

ಖಾಲಿಹೊಟ್ಟೆಯ ಶುಗರ್ ಮಾತ್ರ ಜಗ್ಗಲಿಲ್ಲ. ಅದಕ್ಕೆ ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಐದು ಕಿಲೋ ಬೇಳೆ ಪಾಕೀಟು ಎರಡೂ ಕೈಲಿ ಎತ್ತೋದು ಸೇರಿಸಿದೆ. ಎರಡು ತಿಂಗಳಿಗೆ ಅದೂ 160ರಿಂದ 125ರ ಆಸುಪಾಸಿಗೆ ಬಂತು.

ಗ್ಲಿಮೆಪಿರೈಡ್ ಅನ್ನೋ ಶುಗರ್ ಗುಳಿಗೆ ತಗೊಳ್ಳೋರು ಹುಷಾರ್, ನಡಿಗೆಯೂ ಸೇರಿದರೆ ಶುಗರ್ ಅತಿಯಾಗಿ ಇಳಿಯಬಹುದು. ಒಂದು ರಾತ್ರಿ ಕೈ ನಡುಗಿ, ಬೆವತು, ಕಣ್ಣು ಮಂಜಾಗಿ ಓಣಿಯ ಕಿರಾಣಿ ಅಂಗಡಿ ಮುಂದೆ ಕುಂತೆ. ಬೆಲ್ಲ ಬಾಯಿಗೆ ಹಾಕಿದ ಮೇಲೆ ಜೀವ ಬಂತು. ಡಾಕ್ಟರ್ ಡೋಸ್ ಅರ್ಧ ಮಾಡಿದರು. ಈಗ ಜೇಬಿನಲ್ಲಿ ಗ್ಲೂಕೋಸ್ ಪುಡಿ ಖಾಯಂ.

ಎಚ್‌ಬಿಎ1ಸಿ 7ರ ಮೇಲೆ ಪಾಯಿಂಟ್ ಒಂದೆರಡು. “ಲ್ಯಾಬ್ ಬದಲಿಸಿದಿರೇನ್ರೀ?” ಅಂತ ಡಾಕ್ಟರೇ ಕೇಳಿದರು. ಬಿಪಿ 150/90 ಇದ್ದದ್ದು 135/85 ಆಗಿದೆ, ಅದರ ಗುಳಿಗೆ ಮಾತ್ರ ಅವರು ಬಿಡಿಸಿಲ್ಲ.

ಹೋಳಿಗೆ ಊಟಕ್ಕೆ ಇಪ್ಪತ್ತು ನಿಮಿಷ ಸಾಲೋದಿಲ್ಲ, ಅಳೆದು ನೋಡಿದ್ದೇನೆ. ಶರಣಬಸವೇಶ್ವರ ಜಾತ್ರೆ ದಿನ ನಾನು ಏನು ಮಾಡ್ತೀನಿ ಅನ್ನೋದನ್ನ ಈಗ ಬಿಚ್ಚೋದಿಲ್ಲ. ಇನ್ನೊಂದು ರಿಪೋರ್ಟ್ ಬರಲಿ.